ಬೆನ್ನ ಹಿಂದಿನ ಸ್ಪೀಕರು

ಹುಮನಾಬಾದಿನ ಆ ಅಂಗಡಿಯವರು ನನ್ನನ್ನು ಮೊದಲು ಕೇಳಿದ್ದು, "ಅಕ್ಕೋರ, ಮನ್ಯಾಗಿನ ಗಂಡಸರು ಯಾರೂ ಬಂದಿಲ್ಲೇನ್ರಿ?" ಎಂದು. ಸ್ಪೀಕರು ಕೊಳ್ಳಲು ಹೆಂಗಸೊಬ್ಬಳೇ ಬಸವಕಲ್ಯಾಣದಿಂದ ಬಸ್ಸು ಹತ್ತಿ ಬಂದದ್ದು ಅವರ ತಲೆಗೆ ಹೋಗಲಿಲ್ಲ. "ಮನ್ಯಾಗಿನವರು ಮನ್ಯಾಗ ಅದಾರ. ನೀವು ಸಾಮಾನು ತೋರಸ್ರಿ," ಎಂದೆ. ನನ್ನ ಬಾಯಿಗೆ ನಮ್ಮೂರಿನ ಅರ್ಧ ಪೇಟೆ ಹೆದರುತ್ತಿತ್ತು. ಆ ಸುದ್ದಿ ಹುಮನಾಬಾದಿಗೆ ಇನ್ನೂ ಮುಟ್ಟಿರಲಿಲ್ಲ.

ಅವರು ಅಂಗಡಿಯ ನಡುವೆ ಒಂದು ಸ್ಟೂಲು ಹಾಕಿ ನನ್ನನ್ನು ಕೂರಿಸಿದರು. ಎದುರಿಗೆ ಮೂರು ಸಣ್ಣ ಡಬ್ಬಿ, ಹಿಂದೆ ಎರಡು, ಕಾಲ ಬಳಿ ಒಂದು ದೊಡ್ಡದು. ಏನೋ ಒತ್ತಿದರು. ಬೆನ್ನ ಹಿಂದಿನಿಂದ ಹೆಲಿಕಾಪ್ಟರೊಂದು ಬಂತು, ತಲೆಯ ಮೇಲೆ ಹಾಯಿತು, ಎದುರಿನ ಗೋಡೆಯೊಳಗೆ ಹೋಯಿತು. ನಾನು ಸೆರಗು ಹಿಡಿದುಕೊಂಡು ಹಿಂದೆ ತಿರುಗಿ ನೋಡಿಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರೂ ತಿರುಗಿ ನೋಡುತ್ತಾರಂತೆ, ಅದಕ್ಕೇ ಅದನ್ನು ಹಾಕುತ್ತಾರಂತೆ.

"ನೋಡ್ರಿ, ಹಿಂದಿನ ಅವಾಜ್ ಹಿಂದ, ಮುಂದಿನ ಅವಾಜ್ ಮುಂದ. ಒಂದರಾಗ ಒಂದು ಕೂಡಂಗಿಲ್ಲ," ಎಂದರು ಅಂಗಡಿಯವರು.

ಉಳಿದ ಮಾತು ನನ್ನ ಕಿವಿಗೆ ಬೀಳಲಿಲ್ಲ. ಹಿಂದಿನ ದನಿ ಹಿಂದೆ. ನನಗೂ ಅಪ್ಪನಿಗೂ ಬೇಕಾಗಿದ್ದದ್ದು ಅದೊಂದೇ.

ನಮ್ಮ ಮನೆ ಬಸವಕಲ್ಯಾಣದಲ್ಲಿ, ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ. ತೊಂಬತ್ತರ ದಶಕದಲ್ಲಿ ಅಲ್ಲಿ ಪ್ರತಿ ಅಮಾವಾಸ್ಯೆಗೆ ಭಜನೆ ಇರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಗಂಡಸರು ಮುಂದೆ, ಪಡಸಾಲೆಯಲ್ಲಿ, ದೇವರ ಫೋಟೋದ ಕಡೆ ಮುಖ ಮಾಡಿ. ಹೆಂಗಸರು ಹಿಂದೆ, ಅಡುಗೆ ಮನೆಯ ಬಾಗಿಲ ಹತ್ತಿರ. ಹಾಡು ಎತ್ತುವವನು ಅಪ್ಪ. ಅವನು ಒಂದು ಸಾಲು ಹೇಳಿದರೆ ಗಂಡಸರು ಹಿಡಿಯುತ್ತಿದ್ದರು, ಆಮೇಲೆ ಅದೇ ಸಾಲನ್ನು ಹಿಂದಿನಿಂದ ಹೆಂಗಸರು ಹೇಳುತ್ತಿದ್ದರು, ಮತ್ತೆ ಅಪ್ಪ ಮುಂದಿನ ಸಾಲು. ಅಪ್ಪ ಒಮ್ಮೆಯೂ ಹಿಂದೆ ತಿರುಗುತ್ತಿರಲಿಲ್ಲ. ದೇವರಿಗೆ ಬೆನ್ನು ಮಾಡಿ ಹೆಂಡತಿಯ ಮುಖ ನೋಡಿದ ಎಂದು ಯಾರಾದರೂ ಅಂದಾರೆಂಬ ಭಯ.

ಅವ್ವನದು ಒಂದು ಚಟವಿತ್ತು. ಸಾಲಿನ ಕೊನೆಯ ಅಕ್ಷರವನ್ನು ಅವಳು ಬಿಡುತ್ತಲೇ ಇರಲಿಲ್ಲ. ಎಲ್ಲರೂ ನಿಲ್ಲಿಸಿದ ಮೇಲೂ ಅವಳದೊಂದು ಎಳೆ ಉಳಿದಿರುತ್ತಿತ್ತು. ದೊಡ್ಡ ದನಿಯೇನಲ್ಲ, ಶಾರೀರವೂ ಹೇಳಿಕೊಳ್ಳುವಂಥದ್ದಲ್ಲ, ಆದರೆ ಉಸಿರು ಉದ್ದ. ಹಾರ್ಮೋನಿಯಂ ಬಾರಿಸುತ್ತಿದ್ದ ನಮ್ಮ ದೊಡ್ಡಪ್ಪ ಅದಕ್ಕೊಂದು ಚಾಷ್ಟಿ ಕಟ್ಟಿದ್ದರು: "ಎಲ್ಲಾರ ಬಸ್ಸು ಊರ ಮುಟ್ಟತು, ನಮ್ಮ ತಂಗೀದು ಇನ್ನಾ ಬಂಗ್ಲಾದಾಗ ನಿಂತದ." ಬಂಗ್ಲಾ ಎಂದರೆ ಹೈವೇ ಮೇಲಿನ ಕೂಡುದಾರಿ, ಅಲ್ಲಿಂದ ಊರೊಳಗೆ ಬರಲು ಇನ್ನೂ ದೂರ. ಪ್ರತಿ ಅಮಾವಾಸ್ಯೆಗೂ ಅದೇ ಮಾತು, ಪ್ರತಿ ಸಲವೂ ಎಲ್ಲರೂ ನಗುತ್ತಿದ್ದರು. ಅಪ್ಪನಿಗೆ ಮುಜುಗರವಾಗುತ್ತಿತ್ತು. ಅವಳ ಎಳೆ ಮುಗಿಯುವುದಕ್ಕೆ ಬಿಡದೆ ಅವನು ಮುಂದಿನ ಸಾಲನ್ನು ಗಟ್ಟಿಯಾಗಿ ಎತ್ತಿಬಿಡುತ್ತಿದ್ದ. ಅವಳ ಪಕ್ಕದಲ್ಲಿ ಕೂತಿರುತ್ತಿದ್ದ ನಾನೇನು ಕಡಿಮೆಯಲ್ಲ. ಹದಿನಾರು ಹದಿನೇಳರ ಸೊಕ್ಕು. ಸೆರಗು ಜಗ್ಗಿ, "ಸಾಕು ಬಿಡs ಅವ್ವಾ, ಮಂದಿ ನಗಾಕತ್ತಾರ," ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು, ಬಿಡುತ್ತಿರಲಿಲ್ಲ.

ಆ ದಶಕ ಮುಗಿಯುವ ಮುಂಚೆ ಎಂಟು ದಿನದ ಜ್ವರದಲ್ಲಿ ಅವ್ವ ಹೋದಳು. ನಮ್ಮ ಮನೆಯ ಭಜನೆಯೂ ನಿಂತಿತು. ದೊಡ್ಡಪ್ಪ ಎರಡು ಮೂರು ಸಲ ಬಂದು ಕೇಳಿದರು. ಅಪ್ಪ, "ಮುಂದ ನೋಡೂಣು," ಎನ್ನುತ್ತಿದ್ದ. ಮುಂದೆ ಯಾರೂ ನೋಡಲಿಲ್ಲ.

ಉಳಿದದ್ದು ಒಂದು ಕ್ಯಾಸೆಟ್ಟು. ಅವ್ವ ಇದ್ದಾಗ, ಯಾವುದೋ ಒಂದು ಅಮಾವಾಸ್ಯೆಗೆ ಅಪ್ಪ ಟೇಪ್ ರೆಕಾರ್ಡರನ್ನು ತನ್ನ ಮೊಣಕಾಲಿನ ಬಳಿ ಇಟ್ಟುಕೊಂಡು ಭಜನೆ ತುಂಬಿಸಿದ್ದ. ಅಪ್ಪನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಪುಡಿಕೆ ಕಟ್ಟಿ ಬಂದ ದಾರವನ್ನೂ ಬಿಚ್ಚಿ ಉಂಡೆ ಸುತ್ತಿಡುವ ಮನುಷ್ಯ. ಹಾಡು ಮುಗಿದ ತಕ್ಷಣ ಗುಂಡಿ ಒತ್ತಿ ನಿಲ್ಲಿಸುತ್ತಿದ್ದ, ಕೆಮ್ಮು, ಮಾತು, ಚಹಾದ ಕಪ್ಪಿನ ಸಪ್ಪಳಕ್ಕೆಲ್ಲ ರೀಲು ಹಾಳಾಗಬಾರದೆಂದು. ಅವ್ವ ಹೋದ ಮೇಲೆ ಪ್ರತಿ ಅಮಾವಾಸ್ಯೆಯ ಸಂಜೆ, ಭಜನೆ ಶುರುವಾಗುತ್ತಿದ್ದ ಹೊತ್ತಿಗೆ, ಆ ಕ್ಯಾಸೆಟ್ಟು ಹಾಕಿಕೊಂಡು ದೇವರ ಫೋಟೋದ ಎದುರು ಒಬ್ಬನೇ ಕೂರುತ್ತಿದ್ದ. ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಇಬ್ಬರೂ ಅದರ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಟೈಪು ಮಾಡುತ್ತಿದ್ದೆ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ತಹಸೀಲ್ದಾರರಿಗೆ ಅರ್ಜಿ. ಸೆಂಟರಿಗೆ ಹೊಸ ಕಂಪ್ಯೂಟರು ಬಂದಾಗ ಹಳೆಯದನ್ನು ಮನೆಗೆ ತಂದೆ. ಅಷ್ಟರಲ್ಲಿ ಟೇಪು ಕ್ಯಾಸೆಟ್ಟನ್ನು ಒಂದು ಕಡೆ ಕಚ್ಚಿ ಹಾಕಿತ್ತು, ನಮ್ಮ ಓಣಿಯ ರೇಡಿಯೋ ಮೆಕ್ಯಾನಿಕ್ಕರು ಹೇಗೋ ಬಿಡಿಸಿ ಕೊಟ್ಟಿದ್ದರು. ಅಪ್ಪನ ಮುಖ ಅವತ್ತು ನೋಡುವ ಹಾಗಿರಲಿಲ್ಲ. ಇನ್ನೊಮ್ಮೆ ಕಚ್ಚಿದರೆ ಅವ್ವ ಎರಡನೇ ಸಲ ಹೋಗುತ್ತಾಳೆ ಎಂದು ನನಗೆ ಗಾಬರಿ. ವಯರು ಹಚ್ಚಿ ಕ್ಯಾಸೆಟ್ಟನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆ.

ಇಳಿಸಿ, ಸಾಬೂನಿನ ಡಬ್ಬಿಯಷ್ಟಿದ್ದ ಎರಡು ಸ್ಪೀಕರುಗಳಲ್ಲಿ ಕೇಳಿಸಿದೆ. ಅಪ್ಪ ಅರ್ಧ ತಾಸು ಕೇಳಿದ. ಆಮೇಲೆ, "ಚಲೋ ಆಗ್ಯದ. ಖರೆ ಆಕೀ ದನಿ ಎದುರಿಂದ ಬರ್ತದಲ್ಲ," ಎಂದ.

"ಎದುರಿಂದ ಬಂದರ ಏನಾತು?"

"ಆಕಿ ನನ್ನ ಎದುರಿಗಿ ಕುಂತು ಯಾವಾಗ ಹಾಡ್ಯಾಳ? ಆಕೀ ದನಿ ನಾ ಬೆನ್ನೀಲೆ ಕೇಳೀನಿ."

ಅಷ್ಟು ವರ್ಷಗಳಲ್ಲಿ ಅಪ್ಪ ಅವ್ವನ ಬಗ್ಗೆ ಆಡಿದ ಮೊದಲ ಮಾತು ಅದು. ನನಗೂ ಅವಳು ಬೇಕಾಗಿದ್ದಳು, ಆದರೆ ಅವನಿಗೆ ಯಾವ ದಿಕ್ಕಿನಿಂದ ಬೇಕು ಎಂದು ನಾನು ಯೋಚಿಸಿರಲಿಲ್ಲ. ಆ ವಾರವೇ ಸೆಂಟರಿನಲ್ಲಿ ಪೇಪರು ಓದುತ್ತಿದ್ದಾಗ ಐದು ಸ್ಪೀಕರುಗಳ ಜಾಹೀರಾತು ಕಂಡಿತು. ಸುತ್ತಲಿಂದ ದನಿ ಬರುತ್ತದಂತೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಏನನ್ನೂ ಬೇಡದ ಮನುಷ್ಯ, "ಯಾವಾಗ ತರ್ತಿ?" ಎಂದು ಕೇಳಿದ. ಮರುದಿನವೂ ಕೇಳಿದ.

ತರುವುದು ಸುಲಭವಿರಲಿಲ್ಲ. ಹೆಸರುವಾಸಿ ಕಂಪನಿಯ ಹೋಮ್ ಥಿಯೇಟರಿನ ಬೆಲೆ ಕೇಳಿ ಅಪ್ಪನೇ, "ಅದರಾಗ ಒಂದು ಹಿಂಡೋ ಎಮ್ಮಿ ಬರ್ತದ," ಎಂದ. ಹುಲಸೂರಿನಲ್ಲಿ ಒಬ್ಬರು ಕಟ್ಟಿಗೆಯ ಪೆಟ್ಟಿಗೆ ಮಾಡಿ ಸಸ್ತಾದಲ್ಲಿ ಜೋಡಿಸಿ ಕೊಡುತ್ತಾರೆಂದು ಅಲ್ಲಿಗೂ ಹೋದೆ. ಅವರು ಮಾಡುತ್ತಿದ್ದದ್ದು ಲಗ್ನದ ಮೆರವಣಿಗೆಗೆ. ಒಂದನ್ನು ಹಚ್ಚಿ ತೋರಿಸಿದ ಕೂಡಲೇ ಅಂಗಳದ ಕೋಳಿಗಳು ಓಡಿಹೋದವು. ಅವ್ವನ ಎಳೆಯನ್ನು ಅದರೊಳಗೆ ಹಾಕಿದರೆ ಅದು ಬದುಕಿ ಹೊರಗೆ ಬರುವುದಿಲ್ಲ ಎನ್ನಿಸಿತು. ಕಡೆಗೆ ಯಾರೋ ಹೇಳಿದರು, ಹುಮನಾಬಾದಿಗೆ ಹೋಗು, ಹೈವೇ ಊರು, ಹೈದರಾಬಾದಿನ ಮಾಲು ಅಲ್ಲಿ ಮೊದಲು ಇಳಿಯುತ್ತದೆ ಎಂದು. ಹಾಗೆ ಆ ಸ್ಟೂಲಿನ ಮೇಲೆ ಕೂತೆ.

ಒಂದೇ ಸಲಕ್ಕೆ ಆಗಲಿಲ್ಲ. ಮೂರು ಭಾನುವಾರ ಹೋದೆ. ಮೊದಲನೆಯ ಸಲ ಬೆಲೆ ಕೇಳಿ ಎದ್ದು ಬಂದೆ, ಹಿಂದಿನದು ಹಿಂದೆ ಎಂಬ ಅಂಗಡಿಯವರ ಮಾತನ್ನು ಮಾತ್ರ ಅಪ್ಪನಿಗೆ ಹಾಗೆಯೇ ಒಪ್ಪಿಸಿದೆ. ಎರಡನೆಯ ಸಲ ಚೌಕಾಸಿ ಮಾಡಿ ಜಗಳವಾಯಿತು. ಮೂರನೆಯ ಸಲ ಅಂಗಡಿಯವರೇ ಸೋತು, ಗಿರಾಕಿಗಳಿಗೆ ತೋರಿಸಲು ತೆಗೆದಿಟ್ಟಿದ್ದ, ರಟ್ಟಿನ ಡಬ್ಬ ಹರಿದಿದ್ದ ಕಂಪ್ಯೂಟರ್ ಸೆಟ್ಟನ್ನು ಕಡಿಮೆಗೆ ಕೊಟ್ಟರು. ಆದರೂ ನನ್ನ ಎರಡು ತಿಂಗಳ ಪಗಾರ ಹೋಯಿತು. "ನಿಮ್ಮಂಥ ಗಿರಾಕಿ ದಿನಾ ಬಂದರ ನಾ ಅಂಗಡಿ ಬಂದ್ ಮಾಡಿ ಹೊಲಕ್ಕ ಹೋಗಬೇಕು," ಎಂದರು. ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರು ಲಗೇಜು ಟಿಕೆಟ್ಟು ಎಂದ. "ನನ್ನ ತೊಡಿ ಮ್ಯಾಲೆ ಅದ, ನಿಮ್ಮ ಸೀಟಿನ ಮ್ಯಾಲೆ ಇಲ್ಲ," ಎಂದೆ. ರಾಜೇಶ್ವರ ದಾಟುವವರೆಗೂ ವಾದ ನಡೆಯಿತು. ಪಕ್ಕದಲ್ಲಿ ಮಂಠಾಳಕ್ಕೆ ಹೋಗುವ ಮುದುಕಿಯೊಬ್ಬಳು, "ಏನವ್ವಾ ಇದು, ಮಿಕ್ಸರೇನು?" ಎಂದಳು. ಹಾಡು ಕೇಳುವುದು, ಐದು ಡಬ್ಬಿ ಇವೆ ಎಂದೆ.

"ಮನ್ಯಾಗ ಎಷ್ಟು ಮಂದಿ ಅದೀರಿ?"

"ಇಬ್ಬರು."

"ಇಬ್ಬರಿಗಿ ನಾಕ ಕಿವಿ. ಐದನೇದು ಯಾರಿಗಿ?" ಎಂದು ಬೊಚ್ಚು ಬಾಯಿ ತೆಗೆದು ನಕ್ಕಳು. ನಾನೂ ನಕ್ಕೆ, ಆದರೆ ಉತ್ತರ ನನಗೆ ಗೊತ್ತಿತ್ತು. ಅವತ್ತು ಆ ಡಬ್ಬದೊಳಗೆ ಅವ್ವನನ್ನೇ ಕೂರಿಸಿಕೊಂಡು ಹೋಗುತ್ತಿದ್ದೇನೆ ಎಂದು ನಂಬಿದ್ದೆ.

ಮನೆಯಲ್ಲಿ ಅಪ್ಪ ಪಡಸಾಲೆ ಗುಡಿಸಿ ಚಾಪೆ ಹಾಸಿದ್ದ. ಮೂರು ಡಬ್ಬಿಗಳನ್ನು ಫೋಟೋದ ಕೆಳಗೆ ಸಾಲಾಗಿ ಇಟ್ಟ. ಹಿಂದಿನ ಎರಡನ್ನು ಅಡುಗೆ ಮನೆಯ ಹೊಸ್ತಿಲಿನ ಎರಡೂ ಬದಿಗೆ, ಅದೂ ನೆಲದ ಮೇಲಲ್ಲ, ಎರಡು ಮಣೆಗಳ ಮೇಲೆ. ಕೂತ ಹೆಂಗಸಿನ ಬಾಯಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ನನ್ನನ್ನು ಅಲ್ಲಿ ಕೂರಿಸಿ ಅಳತೆ ತೆಗೆದ. ನನಗೆ ನಗುವೂ ಬಂತು, ಅಳುವೂ ಬಂತು.

ಆ ಸೆಟ್ಟಿಗೆ ಮೂರು ವಯರಿದ್ದವು, ಹಸಿರು, ಕಪ್ಪು, ಕಿತ್ತಳೆ. ನನ್ನ ಹಳೆಯ ಕಂಪ್ಯೂಟರಿನ ಬೆನ್ನಿನಲ್ಲಿ ದನಿ ಹೊರಗೆ ಬರುವ ತೂತು ಒಂದೇ, ಹಸಿರು. ಎಸ್‌ಟಿಡಿ ಬೂತಿಗೆ ಹೋಗಿ ಹುಮನಾಬಾದಿಗೆ ಫೋನು ಹಚ್ಚಿದೆ. "ಕೂಡಸೋ ಪಿನ್ನು ಹಾಕ್ರಿ ಅಕ್ಕೋರ, ಐದೂ ಹಾಡ್ತಾವ," ಎಂದರು. ಪಿನ್ನು ಹುಡುಕಿ ತಂದು ಹಾಕಿದೆ. ಐದೂ ಹಾಡಿದವು.

ಅಪ್ಪ ಚಾಪೆಯ ನಡುವೆ ಫೋಟೋದ ಕಡೆ ಮುಖ ಮಾಡಿ ಕೂತಿದ್ದ. ಮೊದಲ ಸಾಲು ಶುರುವಾಯಿತು. ಎದುರಿನಿಂದ ಬಂದದ್ದು ಅಪ್ಪನ ದನಿ. ಬೆನ್ನ ಹಿಂದಿನಿಂದ ಬಂದದ್ದೂ ಅಪ್ಪನ ದನಿಯೇ. ಅಪ್ಪ ಬೆಚ್ಚಿ, ಭಜನೆಯಲ್ಲಿ ಎಂದೂ ತಿರುಗದವನು, ತಿರುಗಿ ಹೊಸ್ತಿಲ ಕಡೆ ನೋಡಿದ.

"ಅಲ್ಲೂ ನಾನs ಕುಂತೀನಲ್ಲ?" ಎಂದ.

ನಾನು ವಯರು ಕಿತ್ತೆ, ಹಚ್ಚಿದೆ, ಅಂಗಡಿಯವರನ್ನು ಬೈದೆ. ಸಂಜೆಯೊಳಗೆ ಮೆಕ್ಯಾನಿಕ್ಕರನ್ನು ಕರೆತಂದೆ. ವಯಸ್ಸಾದವರು, ಉರ್ದು ಮನೆಮಾತು, ನಾನು ಹುಟ್ಟುವ ಮುಂಚಿನಿಂದ ನಮ್ಮ ಓಣಿಯ ರೇಡಿಯೋಗಳನ್ನೆಲ್ಲ ಬದುಕಿಸಿದವರು. ಅವರು ಎರಡು ಹಾಡು ಸುಮ್ಮನೆ ಕೂತು ಕೇಳಿದರು. ಆಮೇಲೆ ಹಳೆಯ ಟೇಪ್ ರೆಕಾರ್ಡರನ್ನು ತರಿಸಿ, ಅದರ ಮೂತಿಯಲ್ಲಿದ್ದ ಮೈಕಿನ ತೂತನ್ನು ನನಗೆ ತೋರಿಸಿದರು.

"ಬೇಟಾ, ಇದಕ್ಕ ಇದ್ದದ್ದು ಒಂದs ಕಿವಿ. ಎಲ್ಲಾರನ್ನೂ ಕೂಡಿಸಿ ಒಂದರಾಗ ಕೇಳ್ಯದ. ನೀ ಈಗ ಐದು ಬಾಯಿ ಹಚ್ಚಿದಿ. ಐದೂ ಅದನ್ನs ಹೇಳ್ತಾವ."

"ಕಂಪ್ಯೂಟರಿನಾಗ ಬ್ಯಾರೆ ಕಾರ್ಡು ಹಾಕಿದರ? ಮೂರು ತೂತಿಂದು ಸಿಗ್ತದ."

"ಹಾಕು. ರೊಕ್ಕ ಹೋಗ್ತದ, ನಿಮ್ಮವ್ವ ಹಿಂದಕ ಸರಿಯಂಗಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಪ್ಪನಿಗಾದರೆ ಗೊತ್ತಿರಲಿಲ್ಲ. ನಾನು ದಿನಾ ಗಿರಾಕಿಗಳ ಎದುರು ಜಂಭ ಕೊಚ್ಚುವವಳು, ಬರೆದುಕೊಟ್ಟದ್ದನ್ನೇ ಕಂಪ್ಯೂಟರು ಅಚ್ಚು ಹಾಕುತ್ತದೆ, ಇಲ್ಲದ್ದನ್ನು ಎಲ್ಲಿಂದ ತರಲಿ ಎಂದು ಅವರನ್ನು ಗದರುವವಳು. ಸಿಟ್ಟಿನಲ್ಲಿ ಡಬ್ಬಿಗಳನ್ನೆಲ್ಲ ಮತ್ತೆ ರಟ್ಟಿನೊಳಗೆ ತುರುಕಲು ಹೋದೆ, ನಾಳೆಯೇ ಹುಮನಾಬಾದಿಗೆ ಹೋಗಿ ವಾಪಸು ಕೊಟ್ಟು ಬರುತ್ತೇನೆ ಎಂದೆ.

ಅಪ್ಪ ತಡೆದ. ಮೆಕ್ಯಾನಿಕ್ಕರನ್ನು ಕೇಳಿದ, "ಮುಂದಿನವು ಬಂದ್ ಮಾಡಾಕ ಬರ್ತದೇನ್ರಿ?"

"ಬರ್ತದ. ವಯರ್ ತಗದರ ಮುಗೀತು."

ಮುಂದಿನ ಮೂರನ್ನೂ, ಹಿಂದಿನ ಎರಡರಲ್ಲಿ ಒಂದನ್ನೂ ತೆಗೆಸಿದ, ಕೆಳಗಿನ ದೊಡ್ಡದರ ದನಿಯನ್ನು ಪೂರ್ತಿ ಇಳಿಸಿಸಿದ. ಹೊಸ್ತಿಲ ಬಲಗಡೆಯ ಒಂದೇ ಒಂದು ಉಳಿಯಿತು. ಅವ್ವ ಕೂರುತ್ತಿದ್ದದ್ದು ಅಲ್ಲೇ. ಎರಡು ತಿಂಗಳ ಪಗಾರದಲ್ಲಿ ನಮಗೆ ಬೇಕಾದದ್ದು ಅಂಗೈಯಗಲದ ಒಂದು ಡಬ್ಬಿ. ಮೆಕ್ಯಾನಿಕ್ಕರು ಚಹಾ ಕುಡಿದು, ಹಣ ಬೇಡವೆಂದು ಹೋದರು. ಅಪ್ಪ ಅದಕ್ಕೆ ಬೆನ್ನು ಕೊಟ್ಟು, ಫೋಟೋ ನೋಡುತ್ತ ಕೂತ. ನಾನು ಹೊಸ್ತಿಲಿನ ಹತ್ತಿರ, ಸ್ಪೀಕರಿನ ಪಕ್ಕದಲ್ಲಿ, ಮೊದಲು ಕೂರುತ್ತಿದ್ದ ಜಾಗದಲ್ಲೇ ಕೂತೆ.

ಎಲ್ಲ ದನಿಗಳೂ ಅಲ್ಲಿಂದಲೇ ಬಂದವು, ಗಂಡಸರದೂ ಹೆಂಗಸರದೂ. ಆದರೆ ಹೆಂಗಸರ ಸರದಿ ಬಂದಾಗ ಅಪ್ಪನ ಹೆಗಲು ಇಳಿಯಿತು. ಬಹಳ ದೂರದಿಂದ ನಡೆದು ಬಂದವನು ಕಟ್ಟೆಯ ಮೇಲೆ ಕೂತ ಹಾಗೆ. ಎಲ್ಲರೂ ನಿಲ್ಲಿಸಿದರು, ಅವ್ವನ ಎಳೆ ಶುರುವಾಯಿತು. ಕೂಡಲೇ ಅದರ ಮೇಲೆ ಅಪ್ಪನ ಗಟ್ಟಿ ದನಿ ಬಂದು ಬಿತ್ತು, ಮುಂದಿನ ಸಾಲು. ಮತ್ತೆ ಹಾಗೆಯೇ ಆಯಿತು. ಹತ್ತು ಸಲವೂ ಹಾಗೆಯೇ.

"ಇಂವಾ ಯಾಕ ಇಷ್ಟು ಅವಸರ ಮಾಡ್ತಾನ?" ಎಂದ ಅಪ್ಪ. ತನ್ನನ್ನೇ ಅಂದದ್ದು.

ಒಂದು ಹಾಡು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಹತ್ತುತ್ತಿತ್ತು. ಕೊನೆಯ ಹಾಡು ಬಂತು, ಅದರ ಕೊನೆಯ ಸಾಲು ಬಂತು. ಅದರ ಮುಂದೆ ಎತ್ತುವುದಕ್ಕೆ ಅಪ್ಪನಿಗೆ ಸಾಲೇ ಇರಲಿಲ್ಲ. ಗಂಡಸರು ಮುಗಿಸಿದರು, ಹೆಂಗಸರು ಮುಗಿಸಿದರು, ಅವ್ವನ ಎಳೆ ಒಂದೇ ಉಳಿಯಿತು, ಯಾರ ಹಂಗೂ ಇಲ್ಲದೆ. ನಾನು ಮೈಯೆಲ್ಲ ಕಿವಿಯಾಗಿ ಕೂತಿದ್ದೆ. ಇನ್ನೇನು ಅವಳು ಅದನ್ನು ತಿರುವಿ ಇಳಿಸಬೇಕು, ಖಟ್ ಎಂದು ಸಪ್ಪಳವಾಯಿತು. ಹಾಡು ಮುಗಿಯಿತೆಂದು ಅಪ್ಪ ಗುಂಡಿ ಒತ್ತಿದ ಸಪ್ಪಳ.

ಅಪ್ಪ, "ರೀಲ್ ಉಳಸಾಕ ಹೋಗಿದ್ದೆ. ಅದರಾಗ ಇನ್ನಾ ಬೆರಳಗಲ ಖಾಲಿ ರೀಲ್ ಉಳದದ. ಏನ ಮಾಡ್ಲಿ ಅದನ್ನ?" ಎಂದ.

"ನಿನಗ ಇದು ಮೊದಲs ಗೊತ್ತಿತ್ತಾ?"

"ಪ್ರತಿ ಅಮಾಸಿಗಿ ಕೇಳೀನಿ, ಗೊತ್ತಿರಂಗಿಲ್ಲೇನು? ಹಿಂದಿಂದು ಹಿಂದ, ಮುಂದಿಂದು ಮುಂದ, ಕೂಡಂಗಿಲ್ಲ ಅಂದಿ ನೀ. ಮುಂದ ಖಟ್ ಅಂದರೂ ಹಿಂದಿನ ಡಬ್ಬ್ಯಾಗ ಆಕೀದು ಇನ್ನಾ ಇರ್ತದ ಅಂತ ತಿಳದಿದ್ದೆ."

ಆ ಆಸೆಯನ್ನು ಅವನಿಗೆ ಹಚ್ಚಿದವಳು ನಾನು. ಸೆರಗು ಜಗ್ಗಿ ಅವಳನ್ನು ನಿಲ್ಲಿಸಲು ನೋಡಿದವಳೂ ನಾನೇ. ಸ್ಪೀಕರಿನ ಪಕ್ಕ ಕೂತು ಅತ್ತೆ. ಅಪ್ಪ ಹಿಂದೆ ತಿರುಗಲಿಲ್ಲ, ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಒಂದೆರಡು ವರ್ಷಗಳಲ್ಲಿ ನಮ್ಮ ಓಣಿಯ ತುಂಬ ಹೋಮ್ ಥಿಯೇಟರುಗಳು ಬಂದವು. ಬೆಲೆ ಇಳಿಯಿತು, ಮನೆಮನೆಯಲ್ಲೂ ಹೆಲಿಕಾಪ್ಟರು ಹಾರಾಡಿತು. ನಮ್ಮ ನಾಲ್ಕು ಡಬ್ಬಿಗಳು ಅಲ್ಮಾರಿಯ ಮೇಲೆ ಬಟ್ಟೆ ಹೊದ್ದುಕೊಂಡು ಕೂತವು. ಅದಕ್ಕೂ ಮುಂಚೆ, ಸ್ಪೀಕರು ತಂದ ಮೇಲಿನ ನಾಲ್ಕನೆಯ ಅಮಾವಾಸ್ಯೆಗೆ, ಅಪ್ಪ ದೊಡ್ಡಪ್ಪನಿಗೆ ಹೇಳಿ ಕಳಿಸಿದ, ಹಾರ್ಮೋನಿಯಂ ಪೆಟ್ಟಿಗೆ ತಗೊಂಡು ಬಾ ಎಂದು.

ದೀಪ ಹಚ್ಚುವ ಹೊತ್ತಿಗೆ ಪಡಸಾಲೆ ತುಂಬಿತು. ಇಷ್ಟು ವರ್ಷದ ಮೇಲೂ ದೊಡ್ಡಪ್ಪ ಹಾರ್ಮೋನಿಯಂ ಸರಿಯಾಗಿಯೇ ಹಿಡಿದರು. ಹೆಂಗಸರು ಹಿಂದೆ ಕೂತರು. ಹೊಸ್ತಿಲ ಬಲಗಡೆಯ ಜಾಗವನ್ನು ಯಾರೂ ಮುಟ್ಟಲಿಲ್ಲ. ನಾನು ಸ್ಪೀಕರು ಎತ್ತಿಟ್ಟು ಅಲ್ಲಿ ಕೂತೆ. ಅಪ್ಪ ಸಾಲು ಎತ್ತಿದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಗಂಡಸರು ಹಿಡಿದರು, ನಾವು ಹಿಂದಿನಿಂದ ಹೇಳಿ ಮುಗಿಸಿದೆವು. ಅಪ್ಪ ಮುಂದಿನ ಸಾಲು ಎತ್ತಲಿಲ್ಲ.

ಮರೆತನೆಂದು ತಿಳಿದು ದೊಡ್ಡಪ್ಪ ಸಾಲಿನ ಮೊದಲ ಮಾತನ್ನು ಮೆಲ್ಲಗೆ ನೆನಪಿಸಿದರು. ಅಪ್ಪ ಕೈ ಎತ್ತಿ ತಡೆದ.

"ತಡಿ ಅಣ್ಣಾ," ಎಂದ. "ಹಿಂದಿನವರದು ಇನ್ನಾ ಮುಗಿದಿಲ್ಲ."

ಬಂಗ್ಲಾದ ಬಸ್ಸಿನ ಮಾತನ್ನು ದೊಡ್ಡಪ್ಪ ಅವತ್ತು ಆಡಲಿಲ್ಲ. ಕೊನೆಯ ಅಕ್ಷರವನ್ನು ಹಿಡಿದು ನಾನು ಎಳೆದೆ. ನನ್ನ ಉಸಿರು ಅವ್ವನದರ ಅರ್ಧವೂ ಬರಲಿಲ್ಲ, ನಡುವೆಯೇ ನಿಂತುಹೋಯಿತು. ಅಪ್ಪ ಆಮೇಲೂ ತಿರುಗದೆ, ಉಳಿದರ್ಧ ಮುಗಿಯುವವರೆಗೂ ಕಾದು, ಮುಂದಿನ ಸಾಲು ಎತ್ತಿದ.